ನೆಟ್ ಯಾಕೆ ಹೋಯ್ತು? ವಿಂಡೋಸ್ ಕಮಾಂಡ್ ಲೈನ್‌ನಿಂದ ಲಾಗ್ ಇಡುವುದು, ಪ್ಯಾಕೆಟ್ ಹಿಡಿಯುವುದು

ನಾನು ನೆಟ್‌ವರ್ಕ್ ನೋಡಿಕೊಳ್ಳುವ ಒಂದು ಸಣ್ಣ ಆಫೀಸಿದೆ. ಹನ್ನೆರಡು ಕಂಪ್ಯೂಟರ್, ಒಂದು ರೂಟರ್, ಎರಡು ಸ್ವಿಚ್. ವಾರಕ್ಕೆ ಎರಡು ಮೂರು ಸಲ ಅಲ್ಲಿನ ಅಕೌಂಟ್ಸ್ ಮೇಡಂ ಫೋನ್ ಮಾಡುತ್ತಿದ್ದರು. "ಸಾರ್, ಮತ್ತೆ ನೆಟ್ ಹೋಯ್ತು." ಕೆಲವರಿಗೆ ಹೋಗಿರುತ್ತಿತ್ತು, ಕೆಲವರಿಗೆ ಇರುತ್ತಿತ್ತು. ನಾನು ಅಲ್ಲಿ ತಲುಪುವ ಹೊತ್ತಿಗೆ ಎಲ್ಲ ಸರಿಯಾಗಿರುತ್ತಿತ್ತು. "ಆಫ್ ಮಾಡಿ ಆನ್ ಮಾಡಿದೆ, ಈಗ ಬರ್ತಿದೆ ನೋಡಿ" ಅನ್ನುತ್ತಿದ್ದರು.

ಬಂದು ಹೋಗುವ ಇಂಥ ತೊಂದರೆಯೇ ನೆಟ್‌ವರ್ಕ್ ಕೆಲಸದಲ್ಲಿ ಅತಿ ಕಷ್ಟದ್ದು. ಪೂರ್ತಿ ಸತ್ತ ಲೈನನ್ನು ಹತ್ತು ನಿಮಿಷದಲ್ಲಿ ಹುಡುಕಬಹುದು. ಬಂದು ಹೋಗುವುದನ್ನು ಹಿಡಿಯಬೇಕಾದರೆ ಅದು ಬರುವ ಮೊದಲೇ ರೆಕಾರ್ಡಿಂಗ್ ಶುರುವಾಗಿರಬೇಕು. ತೊಂದರೆ ಬಂದ ಮೇಲೆ ಶುರು ಮಾಡಿದರೆ ಅದು ಶುರುವಾದ ಕ್ಷಣ ನಿಮ್ಮ ಕೈಗೆ ಸಿಗುವುದಿಲ್ಲ. ಸುಳಿವು ಇರುವುದು ಆ ಕ್ಷಣದಲ್ಲೇ.

ಇದಕ್ಕೆ ಬೇಕಾದ ಸಾಮಾನು ವಿಂಡೋಸ್‌ನ ಒಳಗೇ ಇದೆ. ವಿಂಡೋಸ್ 7 ಬಂದ 2009ರಿಂದಲೂ ನೆಟ್‌ವರ್ಕಿನಲ್ಲಿ ನಡೆಯುವುದನ್ನು ಬರೆದಿಡುವ ನೆಟ್‌ಶ್ ಟ್ರೇಸ್ ಅನ್ನುವ ಕಮಾಂಡ್ ಅದರ ಜೊತೆಗೇ ಬರುತ್ತಿದೆ. ಬೇರೆಯವರ ಕಂಪ್ಯೂಟರಿನಲ್ಲಿ ಹೊಸ ಸಾಫ್ಟ್‌ವೇರ್ ಹಾಕಲು ಅನುಮತಿ ಸಿಗದ ಕಡೆ ಇದು ದೊಡ್ಡ ಉಪಕಾರ. ಹಿಡಿದದ್ದನ್ನು ತೆರೆದು ನೋಡಲು ವೈರ್‌ಶಾರ್ಕ್ ಎಂಬ ಪ್ರೋಗ್ರಾಮ್ ಬೇಕು, ಆದರೆ ಅದು ನಿಮ್ಮ ಕಂಪ್ಯೂಟರಿನಲ್ಲಿದ್ದರೆ ಸಾಕು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಫೋನಿನಲ್ಲಿ ಹೇಳಿ ಬರೆಸುವ ಹಾಗೆ ಕಮಾಂಡ್‌ಗಳನ್ನೂ ಇಲ್ಲಿ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರದಲ್ಲೇ ಹೊಡೆಯಬೇಕು. ನೆಟ್‌ಶ್ ಎಂದರೆ ಎನ್, ಇ, ಟಿ, ಎಸ್, ಎಚ್ ಐದು ಅಕ್ಷರ, ನಡುವೆ ಜಾಗ ಬೇಡ. ದೊಡ್ಡಕ್ಷರ, ಚಿಕ್ಕಕ್ಷರ ಯಾವುದಾದರೂ ನಡೆಯುತ್ತದೆ. ನಡೆಯದ ಕಡೆ ಅಲ್ಲಲ್ಲೇ ಹೇಳುತ್ತೇನೆ. ಸಮ ಚಿಹ್ನೆಯ ಎರಡೂ ಕಡೆ ಜಾಗ ಬಿಡಬೇಡಿ, ಬಿಟ್ಟರೆ ಕಮಾಂಡ್ ಓಡುವುದಿಲ್ಲ.

ಶುರು ಮಾಡುವ ಮೊದಲು: ಅನುಮತಿ ಮತ್ತು ಗಡಿಯಾರ

ನೆಟ್‌ವರ್ಕಿನಲ್ಲಿ ಮಾಹಿತಿ ಓಡಾಡುವುದು ಪ್ಯಾಕೆಟ್ ಎಂಬ ಸಣ್ಣ ತುಂಡುಗಳಾಗಿ. ಪ್ಯಾಕೆಟ್ ಹಿಡಿಯುವುದು ಎಂದರೆ ಆ ಕಂಪ್ಯೂಟರಿನಿಂದ ಹೋಗುವ, ಬರುವ ಎಲ್ಲದರ ನಕಲು ತೆಗೆಯುವುದು. ಈಗ ಹೆಚ್ಚಿನ ವೆಬ್‌ಸೈಟ್‌ಗಳು ಎಚ್‌ಟಿಟಿಪಿಎಸ್‌ನಲ್ಲಿವೆ, ಅದರ ಒಳಗಿನದು ಓದಲಾಗುವುದಿಲ್ಲ. ಆದರೂ ಯಾರು ಯಾವ ಸೈಟಿಗೆ ಹೋದರು ಅನ್ನುವುದು ಕಾಣುತ್ತದೆ. ಹಳೆಯ ಎಫ್‌ಟಿಪಿ, ಸಾದಾ ಎಚ್‌ಟಿಟಿಪಿ ಬಳಸುವ ಪ್ರಿಂಟರ್, ಕ್ಯಾಮೆರಾ, ಡಿವಿಆರ್‌ಗಳ ಪಾಸ್‌ವರ್ಡ್ ಕಣ್ಣಿಗೆ ಕಾಣುವಂತೆಯೇ ಬಂದುಬಿಡಬಹುದು. ಹಾಗಾಗಿ ಆಫೀಸಿನ ಯಜಮಾನರಿಂದ ಇಮೇಲ್‌ನಲ್ಲಿ ಒಪ್ಪಿಗೆ ತೆಗೆದುಕೊಳ್ಳಿ. ಕಂಪ್ಯೂಟರ್ ಬಳಸುವವರಿಗೂ ತಿಳಿಸಿ. "ಮೇಡಂ, ಎರಡು ದಿನ ಇದರಲ್ಲಿ ರೆಕಾರ್ಡಿಂಗ್ ಓಡುತ್ತೆ, ಅಷ್ಟು ಹೊತ್ತು ನಿಮ್ಮ ಸ್ವಂತದ ಬ್ಯಾಂಕ್ ಕೆಲಸ ಇದರಲ್ಲಿ ಬೇಡ" ಎಂದು ಹೇಳಲು ಅರ್ಧ ನಿಮಿಷ ಸಾಕು.

ಇನ್ನು ಗಡಿಯಾರ. ಬೇಡದ ಸಂಪರ್ಕ ತಡೆಯುವ ಫೈರ್‌ವಾಲ್‌ನ ಲಾಗ್ ಒಂದು ಕಡೆ, ಪ್ಯಾಕೆಟ್ ಒಂದು ಕಡೆ, ರೂಟರ್ ಲಾಗ್ ಇನ್ನೊಂದು ಕಡೆ ಇರುತ್ತದೆ. ಮೂರನ್ನೂ ಕೂಡಿಸುವುದು ಸಮಯ ಮಾತ್ರ. ಎರಡು ನಿಮಿಷ ಹಿಂದೆ ಮುಂದೆ ಇದ್ದರೆ ಸಂಬಂಧವೇ ಇಲ್ಲದ ಎರಡು ಘಟನೆಗಳನ್ನು ಜೋಡಿಸಿಕೊಂಡು ಕೂರುತ್ತೀರಿ. ಗಡಿಯಾರ ಎಲ್ಲಿಂದ ಸಮಯ ಪಡೆಯುತ್ತಿದೆ ಎಂದು ಹೀಗೆ ನೋಡಿ (ಕಮಾಂಡ್ ಹೊಡೆಯುವ ಅಡ್ಮಿನ್ ಕಿಟಕಿ ತೆರೆಯುವುದು ಹೇಗೆ ಎಂದು ಮೊದಲ ಹೆಜ್ಜೆಯಲ್ಲಿದೆ):

ಡಬ್ಲ್ಯು32ಟಿಎಂ /ಕ್ವೆರಿ /ಸ್ಟೇಟಸ್

ಡೊಮೈನ್‌ಗೆ, ಅಂದರೆ ಒಂದು ಸರ್ವರ್‌ನ ಹಿಡಿತದಲ್ಲಿರುವ ಕಂಪ್ಯೂಟರ್ ಗುಂಪಿಗೆ, ಸೇರಿದ ಕಂಪ್ಯೂಟರ್ ಆದರೆ ಅದು ಡೊಮೈನ್ ಕಂಟ್ರೋಲರ್‌ನಿಂದಲೇ ಸಮಯ ತೆಗೆದುಕೊಳ್ಳಲಿ, ಮುಟ್ಟಬೇಡಿ. ಒಂಟಿ ಕಂಪ್ಯೂಟರ್ ಆದರೆ ದೆಹಲಿಯ ರಾಷ್ಟ್ರೀಯ ಭೌತಿಕ ಪ್ರಯೋಗಾಲಯದ (ಎನ್‌ಪಿಎಲ್) ಸರ್ವರ್ ಕೊಡಬಹುದು:

ಡಬ್ಲ್ಯು32ಟಿಎಂ /ಕಾನ್ಫಿಗ್ /ಮ್ಯಾನ್ಯುಯಲ್‌ಪಿಯರ್‌ಲಿಸ್ಟ್:"ಟೈಮ್.ಎನ್‌ಪಿಎಲ್‌ಇಂಡಿಯಾ.ಆರ್ಗ್" /ಸಿಂಕ್‌ಫ್ರಮ್‌ಫ್ಲಾಗ್ಸ್:ಮ್ಯಾನ್ಯುಯಲ್ /ಅಪ್‌ಡೇಟ್

ಆಮೇಲೆ ಡಬ್ಲ್ಯು32ಟಿಎಂ /ರಿಸಿಂಕ್. ಸರ್ವಿಸ್ ಓಡುತ್ತಿಲ್ಲ ಎಂದು ಹೇಳಿದರೆ ಮೊದಲು ನೆಟ್ ಸ್ಟಾರ್ಟ್ ಡಬ್ಲ್ಯು32ಟೈಮ್ ಹೊಡೆಯಿರಿ. ನಮ್ಮ ದೇಶದಲ್ಲಿ ಇದು ಬರೀ ಅನುಕೂಲದ ಮಾತಲ್ಲ. ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಲ್ಲಿ ಸಂಸ್ಥೆಗಳು ತಮ್ಮ ಗಡಿಯಾರಗಳನ್ನು ರಾಷ್ಟ್ರೀಯ ಮಾಹಿತಿ ಕೇಂದ್ರ (ಎನ್‌ಐಸಿ) ಇಲ್ಲವೇ ಎನ್‌ಪಿಎಲ್ ಸಮಯಕ್ಕೆ ಹೊಂದಿಸಿಕೊಳ್ಳಬೇಕು, ಲಾಗ್‌ಗಳನ್ನು 180 ದಿನ ಇಟ್ಟುಕೊಳ್ಳಬೇಕು ಎಂದಿದೆ. ಕಂಪನಿಯ ನೆಟ್‌ವರ್ಕ್ ನೋಡುವವರು ಇದನ್ನು ಒಮ್ಮೆ ಓದಿಕೊಳ್ಳುವುದು ಒಳ್ಳೆಯದು.

ಮೊದಲ ಹೆಜ್ಜೆ: ಆಫ್ ಆಗಿರುವ ಲಾಗ್‌ಗಳನ್ನು ಆನ್ ಮಾಡಿ

ಸ್ಟಾರ್ಟ್ ಮೆನುವಿನಲ್ಲಿ ಸಿಎಂಡಿ ಎಂದು ಹುಡುಕಿ, ಅದರ ಮೇಲೆ ರೈಟ್ ಕ್ಲಿಕ್ ಮಾಡಿ, ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್ ಕೊಡಿ. ಮುಂದಿನ ಕಮಾಂಡ್‌ಗಳಿಗೆಲ್ಲ ಇದೇ ಕಿಟಕಿ ಬೇಕು. ಮೊದಲು ಒಂದು ಫೋಲ್ಡರ್ ಮಾಡಿಕೊಳ್ಳಿ, ಅದಿಲ್ಲದಿದ್ದರೆ ಮುಂದೆ ಟ್ರೇಸ್ ಶುರುವೇ ಆಗುವುದಿಲ್ಲ:

ಎಂಡಿ ಸಿ:\ನೆಟ್‌ಲಾಗ್

ವಿಂಡೋಸ್ ತನ್ನ ನೆಟ್‌ವರ್ಕ್ ಕೆಲಸದ ಬಗ್ಗೆ ಬಹಳಷ್ಟು ಬರೆದುಕೊಳ್ಳಬಲ್ಲದು. ಆದರೆ ಮುಖ್ಯವಾದ ಕೆಲವನ್ನು ಮೊದಲಿನಿಂದಲೇ ಆಫ್ ಇಟ್ಟಿರುತ್ತದೆ. ಸೈಟಿನ ಹೆಸರು ಕೊಟ್ಟು ಅದರ ಐಪಿ, ಅಂದರೆ ನೆಟ್‌ವರ್ಕ್ ವಿಳಾಸ, ಕೇಳುವ ವ್ಯವಸ್ಥೆ ಡಿಎನ್‌ಎಸ್. ಡಿಎನ್‌ಎಸ್ ಕ್ಲೈಂಟ್‌ನ ಆಪರೇಷನಲ್ ಲಾಗ್ ಹಾಗೆ ಆಫ್ ಇರುವಂಥದ್ದು. ಅದನ್ನು ಆನ್ ಮಾಡುವುದು ಡಬ್ಲ್ಯು, ಇ, ವಿ, ಟಿ ಆದ ಮೇಲೆ ಯುಟಿಲ್ ಸೇರಿಸಿದ ಕಮಾಂಡ್. ಇಲ್ಲಿ ಅದನ್ನು ವೆವ್ಟ್‌ಯುಟಿಲ್ ಎಂದು ಬರೆಯುತ್ತೇನೆ:

ವೆವ್ಟ್‌ಯುಟಿಲ್ ಎಸ್‌ಎಲ್ ಮೈಕ್ರೋಸಾಫ್ಟ್-ವಿಂಡೋಸ್-ಡಿಎನ್‌ಎಸ್-ಕ್ಲೈಂಟ್/ಆಪರೇಷನಲ್ /ಇ:ಟ್ರೂ

ಎಸ್‌ಎಲ್ ಎಂದರೆ ಸೆಟ್ ಲಾಗ್. ಈ ಲಾಗ್ ಬೇಗ ತುಂಬುತ್ತದೆ, ಹಾಗಾಗಿ ಅಳತೆ ಹೆಚ್ಚಿಸಿ. ಲೆಕ್ಕ ಬೈಟ್‌ನಲ್ಲಿ, 20 ಎಂಬಿಗೆ 20971520:

ವೆವ್ಟ್‌ಯುಟಿಲ್ ಎಸ್‌ಎಲ್ ಮೈಕ್ರೋಸಾಫ್ಟ್-ವಿಂಡೋಸ್-ಡಿಎನ್‌ಎಸ್-ಕ್ಲೈಂಟ್/ಆಪರೇಷನಲ್ /ಎಂಎಸ್:20971520

ಕಂಪ್ಯೂಟರ್‌ಗಳಿಗೆ ಐಪಿ ಹಂಚುವ ವ್ಯವಸ್ಥೆ ಡಿಎಚ್‌ಸಿಪಿ. ಡಿಎಚ್‌ಸಿಪಿ ಕ್ಲೈಂಟ್‌ನ ಆಪರೇಷನಲ್ ಲಾಗ್‌ಗೂ ಹೀಗೇ ಮಾಡಿ. ಹೆಸರಿನಲ್ಲಿ ಡಿಎನ್‌ಎಸ್ ಇರುವ ಕಡೆ ಡಿಎಚ್‌ಸಿಪಿ ಹಾಕಿದರಾಯಿತು. ಕಂಪ್ಯೂಟರಿಗೆ ಐಪಿ ಯಾವಾಗ ಸಿಕ್ಕಿತು, ಯಾವಾಗ ಹೋಯಿತು ಎಂಬುದೆಲ್ಲ ಅಲ್ಲಿರುತ್ತದೆ. ಕೊನೆಯ ಇಪ್ಪತ್ತು ಘಟನೆಗಳನ್ನು ಹೊಸದು ಮೊದಲು ಬರುವಂತೆ ಅಲ್ಲೇ ಪರದೆಯ ಮೇಲೆ ನೋಡಲು:

ವೆವ್ಟ್‌ಯುಟಿಲ್ ಕ್ಯುಇ ಮೈಕ್ರೋಸಾಫ್ಟ್-ವಿಂಡೋಸ್-ಡಿಎನ್‌ಎಸ್-ಕ್ಲೈಂಟ್/ಆಪರೇಷನಲ್ /ಸಿ:20 /ಆರ್‌ಡಿ:ಟ್ರೂ /ಎಫ್:ಟೆಕ್ಸ್ಟ್

ಡಿಎನ್‌ಎಸ್ ಲಾಗ್‌ನಲ್ಲಿ 3008 ಅನ್ನುವ ನಂಬರಿನ ಮೇಲೆ ಕಣ್ಣಿಡಿ. ಒಂದು ಹೆಸರನ್ನು ಕೇಳಿದ ಕೆಲಸ ಮುಗಿದಾಗ ಅದು ಬರುತ್ತದೆ. ಉತ್ತರ ಸಿಕ್ಕಿತೋ ಇಲ್ಲವೋ ಅನ್ನುವುದೂ ಅದರಲ್ಲೇ ಇರುತ್ತದೆ. ಟೆಕ್ಸ್ಟ್ ಬದಲು ಎಕ್ಸ್‌ಎಂಎಲ್‌ನಲ್ಲಿ ನೋಡುವವರು ನೆನಪಿಡಿ, ಅಲ್ಲಿ ಸಮಯ ಯುಟಿಸಿ ಎಂಬ ಜಾಗತಿಕ ಸಮಯದಲ್ಲಿ ಇರುತ್ತದೆ. ನಮ್ಮ ಸಮಯಕ್ಕೆ ಐದೂವರೆ ಗಂಟೆ ಕೂಡಿಸಬೇಕು.

ವೈಫೈ ತೊಂದರೆ ಆದರೆ ಇಷ್ಟು ಕಷ್ಟ ಬೇಡ. ನೆಟ್‌ಶ್ ಡಬ್ಲ್ಯುಲ್ಯಾನ್ ಶೋ ಡಬ್ಲ್ಯುಲ್ಯಾನ್‌ರಿಪೋರ್ಟ್ ಎಂದು ಹೊಡೆದರೆ ಕಳೆದ ಮೂರು ದಿನದ ವೈಫೈ ಜಾತಕವನ್ನು ಒಂದು ಎಚ್‌ಟಿಎಂಎಲ್ ಪುಟ ಮಾಡಿ ಕೊಡುತ್ತದೆ. ಎಷ್ಟು ಸಲ ಕಡಿಯಿತು, ಯಾಕೆ ಕಡಿಯಿತು, ಚಿತ್ರದ ಸಮೇತ ಇರುತ್ತದೆ. ಎಷ್ಟೋ ಸಲ ಇಲ್ಲಿಗೇ ಕೆಲಸ ಮುಗಿಯುತ್ತದೆ.

ಎರಡನೆಯ ಹೆಜ್ಜೆ: ಫೈರ್‌ವಾಲ್ ಲಾಗ್

"ಸರ್ವರ್‌ನಲ್ಲಿರುವ ಫೋಲ್ಡರ್ ತೆರೀತಿಲ್ಲ", "ಪ್ರಿಂಟ್ ಹೋಗ್ತಿಲ್ಲ" ಎಂಬ ದೂರಿಗೆ ಮೊದಲು ನೋಡಬೇಕಾದ್ದು ಇದು. ವಿಂಡೋಸ್ ಫೈರ್‌ವಾಲ್ ತಾನು ತಡೆದದ್ದನ್ನು ಬರೆದಿಡುವಂತೆ ಮಾಡಲು:

ನೆಟ್‌ಶ್ ಆ್ಯಡ್ವ್‌ಫೈರ್‌ವಾಲ್ ಸೆಟ್ ಆಲ್‌ಪ್ರೊಫೈಲ್ಸ್ ಲಾಗಿಂಗ್ ಡ್ರಾಪ್ಡ್‌ಕನೆಕ್ಷನ್ಸ್ ಎನೇಬಲ್

ನೆಟ್‌ಶ್ ಆ್ಯಡ್ವ್‌ಫೈರ್‌ವಾಲ್ ಸೆಟ್ ಆಲ್‌ಪ್ರೊಫೈಲ್ಸ್ ಲಾಗಿಂಗ್ ಮ್ಯಾಕ್ಸ್‌ಫೈಲ್‌ಸೈಜ್ 32767

ಆ್ಯಡ್ವ್‌ಫೈರ್‌ವಾಲ್‌ನಲ್ಲಿ ಎ, ಡಿ, ವಿ ಮೂರೇ ಅಕ್ಷರ, ಆಮೇಲೆ ಫೈರ್‌ವಾಲ್. ಮೊದಲಿನಿಂದ ಇರುವ ಅಳತೆ 4096 ಕೆಬಿ, ಅಂದರೆ 4 ಎಂಬಿ ಮಾತ್ರ. 32767 ಅದರ ಗರಿಷ್ಠ ಮಿತಿ. ತುಂಬಿದ ಮೇಲೆ ಹಳೆಯದನ್ನು ಓಲ್ಡ್ ಎಂಬ ಬಾಲ ಸೇರಿಸಿ ಪಕ್ಕಕ್ಕಿಟ್ಟು ಹೊಸದು ಶುರು ಮಾಡುತ್ತದೆ. ತಡೆಯದೆ ಬಿಟ್ಟ ಸಂಪರ್ಕಗಳನ್ನೂ ಬರೆಯುವಂತೆ ಮಾಡಬಹುದು, ಆದರೆ ನಾನು ಮಾಡುವುದಿಲ್ಲ. ಬೇಕಾದ ಸಾಲು ಬೇಡದ ಸಾವಿರ ಸಾಲಿನ ನಡುವೆ ಹೂತುಹೋಗುತ್ತದೆ.

ಫೈಲ್ ಇರುವ ಜಾಗವನ್ನು ಬದಲಾಯಿಸಬೇಡಿ. ಫೈರ್‌ವಾಲ್ ಸರ್ವಿಸ್‌ಗೆ ಬರೆಯುವ ಹಕ್ಕಿಲ್ಲದ ಫೋಲ್ಡರ್ ಕೊಟ್ಟರೆ ಲಾಗ್ ಸುಮ್ನೆ ಖಾಲಿ ಕೂತಿರುತ್ತದೆ. ಮೊದಲಿನ ಜಾಗದಲ್ಲೇ ಬಿಟ್ಟು ತಡೆದ ಸಾಲುಗಳನ್ನು ಮಾತ್ರ ಹೀಗೆ ಹೆಕ್ಕಿ. ಡ್ರಾಪ್ ಎಂಬ ಪದ ಪೂರ್ತಿ ದೊಡ್ಡಕ್ಷರದಲ್ಲಿರಬೇಕು:

ಫೈಂಡ್‌ಎಸ್‌ಟಿಆರ್ ಡ್ರಾಪ್ ಸಿ:\ವಿಂಡೋಸ್\ಸಿಸ್ಟಮ್32\ಲಾಗ್‌ಫೈಲ್ಸ್\ಫೈರ್‌ವಾಲ್\ಪಿಫೈರ್‌ವಾಲ್.ಲಾಗ್

ಬರುವ ಸಾಲಿನಲ್ಲಿ ದಿನ, ಸಮಯ, ಆಮೇಲೆ ಹೀಗಿರುತ್ತದೆ: ಡ್ರಾಪ್ ಟಿಸಿಪಿ 192.168.1.24 192.168.1.10 51544 445. ಎಡದಿಂದ ಓದಿಕೊಂಡು ಹೋಗಿ. 24ನೇ ಕಂಪ್ಯೂಟರ್ 10ನೆಯದರ 445ನೇ ಬಾಗಿಲು ತಟ್ಟಿದೆ, ಫೈರ್‌ವಾಲ್ ತೆಗೆದಿಲ್ಲ. 445 ಎಂದರೆ ವಿಂಡೋಸ್ ಫೈಲ್ ಶೇರಿಂಗ್. ಫೋಲ್ಡರ್ ಯಾಕೆ ತೆರೆಯುತ್ತಿಲ್ಲ ಎಂಬುದಕ್ಕೆ ಉತ್ತರ ಸಿಕ್ಕಿತು. ಈ ಲಾಗ್‌ನಲ್ಲಿ ಸಮಯ ಆ ಕಂಪ್ಯೂಟರಿನ ಸ್ಥಳೀಯ ಸಮಯವೇ, ಕೂಡಿಸಿ ಕಳೆಯುವ ಗೋಜಿಲ್ಲ.

ಆಡಿಟ್‌ಪೋಲ್ ಎಂಬ ಇನ್ನೊಂದು ಕಮಾಂಡ್ ಮೂಲಕ ಸೆಕ್ಯುರಿಟಿ ಲಾಗ್‌ಗೇ 5152, 5157 ನಂಬರಿನ ತಡೆಗಳನ್ನು ಬರೆಸುವ ದಾರಿಯೂ ಇದೆ. ಯಾವ ಪ್ರೋಗ್ರಾಮ್‌ನ ಸಂಪರ್ಕ ತಡೆಯಲ್ಪಟ್ಟಿತು ಎಂದು ತಿಳಿಯಬೇಕಾದರೆ ಮಾತ್ರ ಅದಕ್ಕೆ ಹೋಗಿ, ಒಂದು ಗಂಟೆ ಇಟ್ಟು ಆಫ್ ಮಾಡಿ. ಇಲ್ಲದಿದ್ದರೆ ಲಾಗಿನ್ ದಾಖಲೆಗಳನ್ನೆಲ್ಲ ಅದು ಹೊರಗೆ ತಳ್ಳಿಬಿಡುತ್ತದೆ.

ಮೂರನೆಯ ಹೆಜ್ಜೆ: ಪ್ಯಾಕೆಟ್ ಹಿಡಿಯುವುದು

ಈಗ ಮುಖ್ಯ ಕೆಲಸ. ನಾನು ಆ ಆಫೀಸಿನಲ್ಲಿ ಓಡಿಸಿದ ಕಮಾಂಡ್ ಇದು. ಒಂದೇ ಸಾಲಿನಲ್ಲಿ ಹೊಡೆಯಬೇಕು:

ನೆಟ್‌ಶ್ ಟ್ರೇಸ್ ಸ್ಟಾರ್ಟ್ ಸಿನಾರಿಯೊ=ಇಂಟರ್‌ನೆಟ್‌ಕ್ಲೈಂಟ್ ಕ್ಯಾಪ್ಚರ್=ಯೆಸ್ ಟ್ರೇಸ್‌ಫೈಲ್=ಸಿ:\ನೆಟ್‌ಲಾಗ್\ಆಫೀಸ್.ಇಟಿಎಲ್ ಮ್ಯಾಕ್ಸ್‌ಸೈಜ್=500 ಫೈಲ್‌ಮೋಡ್=ಸರ್ಕ್ಯುಲರ್ ಓವರ್‌ರೈಟ್=ಯೆಸ್ ಪರ್ಸಿಸ್ಟೆಂಟ್=ಯೆಸ್

ಒಂದೊಂದಾಗಿ ನೋಡೋಣ. ಸಿನಾರಿಯೊ ಎಂದರೆ ವಿಂಡೋಸ್‌ನ ಯಾವ ಯಾವ ಭಾಗ ತನ್ನ ಘಟನೆಗಳನ್ನು ಬರೆಯಬೇಕು ಎಂಬ ಸಿದ್ಧ ಕಟ್ಟು. ಇಂಟರ್‌ನೆಟ್‌ಕ್ಲೈಂಟ್ ಎಂದರೆ ಬ್ರೌಸರ್, ಇಮೇಲ್ ತರಹದ ತೊಂದರೆಗೆ. ಫೈಲ್‌ಶೇರಿಂಗ್ ಇದೆ, ಡಬ್ಲ್ಯುಲ್ಯಾನ್ ಇದೆ, ಲ್ಯಾನ್ ಇದೆ. ಪೂರ್ತಿ ಪಟ್ಟಿಗೆ ನೆಟ್‌ಶ್ ಟ್ರೇಸ್ ಶೋ ಸಿನಾರಿಯೋಸ್. ಬರೀ ಪ್ಯಾಕೆಟ್ ಸಾಕು ಅಂದರೆ ಸಿನಾರಿಯೊ ಬಿಟ್ಟುಬಿಡಿ. ಕ್ಯಾಪ್ಚರ್=ಯೆಸ್ ಮಾತ್ರ ಮರೆಯಬೇಡಿ. ಅದಿಲ್ಲದಿದ್ದರೆ ಘಟನೆಗಳು ಮಾತ್ರ ಬರುತ್ತವೆ, ಪ್ಯಾಕೆಟ್ ಒಂದೂ ಇರುವುದಿಲ್ಲ.

ಫೈಲ್‌ಮೋಡ್=ಸರ್ಕ್ಯುಲರ್ ಈ ಕಮಾಂಡಿನ ಜೀವ. 500 ಎಂಬಿ ತುಂಬಿದ ಮೇಲೆ ತೀರಾ ಹಳೆಯದನ್ನು ಅಳಿಸುತ್ತ ಹೊಸದನ್ನು ಬರೆಯುತ್ತ ಹೋಗುತ್ತದೆ. ಸಿಸಿಟಿವಿಯ ಡಿವಿಆರ್ ಮಾಡುವುದೂ ಇದನ್ನೇ ಅಲ್ವಾ? ಡಿಸ್ಕ್ ತುಂಬುವ ಭಯವಿಲ್ಲದೆ ದಿನಗಟ್ಟಲೆ ಬಿಡಬಹುದು. ಆದರೆ 500 ಎಂಬಿಯಲ್ಲಿ ಎಷ್ಟು ಹೊತ್ತಿನದು ಹಿಡಿಯುತ್ತದೆ ಎಂದು ಲೆಕ್ಕ ಹಾಕಿಕೊಳ್ಳಿ. 100 ಎಂಬಿಪಿಎಸ್ ಲೈನ್ ಪೂರ್ತಿ ಓಡುತ್ತಿದ್ದರೆ ಸೆಕೆಂಡಿಗೆ 12.5 ಎಂಬಿ, 40 ಸೆಕೆಂಡಿನಲ್ಲಿ ಒಂದು ಸುತ್ತು ಮುಗಿದುಹೋಗುತ್ತದೆ. ಟ್ಯಾಲಿ, ಇಮೇಲ್, ಒಂದಿಷ್ಟು ಬ್ರೌಸಿಂಗ್ ಎಂದು ಸರಾಸರಿ 2 ಎಂಬಿಪಿಎಸ್ ಇಟ್ಟುಕೊಂಡರೆ ಸೆಕೆಂಡಿಗೆ ಕಾಲು ಎಂಬಿ. ಆಗ 2000 ಸೆಕೆಂಡು, ಸುಮಾರು 33 ನಿಮಿಷ. ಸಿನಾರಿಯೊದ ಘಟನೆಗಳೂ ಜಾಗ ತಿನ್ನುವುದರಿಂದ ಇನ್ನೂ ಕಡಿಮೆ ಎಂದುಕೊಳ್ಳಿ. ತೊಂದರೆ ಆದ ಅರ್ಧ ಗಂಟೆಯ ಒಳಗೆ ಟ್ರೇಸ್ ನಿಲ್ಲಿಸದಿದ್ದರೆ ಸುಳಿವು ಅಳಿಸಿಹೋಗುತ್ತದೆ. ಡಿಸ್ಕ್‌ನಲ್ಲಿ ಜಾಗವಿದ್ದರೆ 2000 ಕೊಡಿ.

ಪರ್ಸಿಸ್ಟೆಂಟ್=ಯೆಸ್ ಹಾಕಿದ್ದು ಅಕೌಂಟ್ಸ್ ಮೇಡಂಗಾಗಿ. ನೆಟ್ ಹೋದ ಕೂಡಲೇ ಅವರ ಕೈ ರಿಸ್ಟಾರ್ಟ್ ಕಡೆ ಹೋಗುತ್ತದೆ. ಇದು ಇದ್ದರೆ ಕಂಪ್ಯೂಟರ್ ಮತ್ತೆ ಆನ್ ಆದಾಗ ಟ್ರೇಸ್ ತಾನಾಗಿ ಮುಂದುವರಿಯುತ್ತದೆ. ಆದರೂ "ರಿಸ್ಟಾರ್ಟ್ ಮಾಡೋ ಮೊದಲು ನನಗೊಂದು ಫೋನ್ ಮಾಡಿ" ಎಂದು ಹೇಳಿ ಬಂದಿದ್ದೆ.

ಓಡುತ್ತಿದೆಯೋ ಇಲ್ಲವೋ ನೋಡಲು ನೆಟ್‌ಶ್ ಟ್ರೇಸ್ ಶೋ ಸ್ಟೇಟಸ್. ನಿಲ್ಲಿಸಲು:

ನೆಟ್‌ಶ್ ಟ್ರೇಸ್ ಸ್ಟಾಪ್

ನಿಲ್ಲಿಸಿದ ಮೇಲೆ ಮರ್ಜಿಂಗ್, ಜನರೇಟಿಂಗ್ ಎಂದೆಲ್ಲ ಬರುತ್ತದೆ. ದೊಡ್ಡ ಫೈಲ್ ಆದರೆ ಹಲವು ನಿಮಿಷ ಹಿಡಿಯುತ್ತದೆ. ಕೆಟ್ಟು ನಿಂತಿತು ಎಂದುಕೊಂಡು ಕಿಟಕಿ ಮುಚ್ಚಬೇಡಿ. ಶುರು ಮಾಡುವಾಗ ರಿಪೋರ್ಟ್=ಯೆಸ್ ಎಂದು ಸೇರಿಸಿದ್ದರೆ ಇಟಿಎಲ್ ಪಕ್ಕದಲ್ಲೇ ಕ್ಯಾಬ್ ಫೈಲ್ ಒಂದು ಬರುತ್ತದೆ. ಆ ಕಂಪ್ಯೂಟರಿನ ಐಪಿ ವಿವರ, ರೂಟ್ ಟೇಬಲ್, ಅಡಾಪ್ಟರ್ ಮಾಹಿತಿ ಅದರಲ್ಲಿರುತ್ತದೆ. ದೂರದ ಊರಿನ ಕಂಪ್ಯೂಟರ್ ಆದರೆ ಇದು ಬಹಳ ಉಪಯೋಗ, ಪಕ್ಕದಲ್ಲೇ ಇದ್ದರೆ ಬೇಡ.

ಫಿಲ್ಟರ್ ಬಗ್ಗೆ ಒಂದು ಎಚ್ಚರ

ಎಲ್ಲವನ್ನೂ ಹಿಡಿಯದೆ ಒಂದೇ ಐಪಿಗೆ ಸಂಬಂಧಿಸಿದ್ದನ್ನು ಹಿಡಿಯಲು ಸ್ಟಾರ್ಟ್ ಕಮಾಂಡಿನ ಕೊನೆಗೆ ಐಪಿವಿ4.ಅಡ್ರೆಸ್=192.168.1.1 ಎಂದು ಸೇರಿಸಬಹುದು. ಪ್ರೋಟೋಕಾಲ್=ಟಿಸಿಪಿ ಎಂದೂ ಕೊಡಬಹುದು. ಪೋರ್ಟ್ ನಂಬರಿನಿಂದ ಸೋಸಲು ನೆಟ್‌ಶ್ ಟ್ರೇಸ್‌ನಲ್ಲಿ ದಾರಿಯಿಲ್ಲ. ಯಾವುದೆಲ್ಲ ಇದೆ ಎಂದು ನೆಟ್‌ಶ್ ಟ್ರೇಸ್ ಶೋ ಕ್ಯಾಪ್ಚರ್‌ಫಿಲ್ಟರ್‌ಹೆಲ್ಪ್ ಹೇಳುತ್ತದೆ.

ನಾನು ಮೊದಲ ಸಲ ಮಾಡಿದ್ದು ಇದನ್ನೇ. ಗೇಟ್‌ವೇ, ಅಂದರೆ ಹೊರಗೆ ಹೋಗುವ ಬಾಗಿಲಾದ ರೂಟರ್, 192.168.1.1 ತಾನೇ, ಅದರದ್ದು ಮಾತ್ರ ಸಾಕು ಎಂದು ಐಪಿವಿ4.ಅಡ್ರೆಸ್ ಫಿಲ್ಟರ್ ಹಾಕಿ ಬಂದೆ. ಎರಡು ದಿನದ ಮೇಲೆ ಫೈಲ್ ತೆರೆದರೆ ಏನೂ ಗೊತ್ತಾಗಲಿಲ್ಲ. ಗೇಟ್‌ವೇಗೆ ಕೇಳಿದ ಡಿಎನ್‌ಎಸ್ ಪ್ರಶ್ನೆಗಳು ಒಂದು ಕ್ಷಣದವರೆಗೆ ಉತ್ತರ ಪಡೆಯುತ್ತಿವೆ, ಅಲ್ಲಿಂದ ಮುಂದೆ ಉತ್ತರವಿಲ್ಲ. ಆದರೆ ಅದೇ ಗೇಟ್‌ವೇಗೆ ಮಾಡಿದ ಪಿಂಗ್‌ಗೆ, ಅಂದರೆ "ಇದ್ದೀಯಾ?" ಎಂದು ಕೇಳುವ ಪ್ಯಾಕೆಟ್‌ಗೆ, ಉತ್ತರ ಬರುತ್ತಿದೆ! ಐಪಿವಿ4 ಫಿಲ್ಟರ್ ಹಾಕಿದರೆ, ಯಾವ ಐಪಿ ಯಾವ ಸಾಧನದ್ದು ಎಂದು ಕೇಳಿ ತಿಳಿಯುವ ಎಆರ್‌ಪಿ ಬರುವುದಿಲ್ಲ. ಎಆರ್‌ಪಿ ಐಪಿಯ ಒಳಗೆ ಕೂತು ಬರುವುದಲ್ಲ, ಅದರದ್ದೇ ಬೇರೆ ಜಾತಿ. ಬೇಕಾದ ಸುಳಿವು ಅದರಲ್ಲೇ ಇತ್ತು. ಎರಡು ದಿನ ವ್ಯರ್ಥವಾಯಿತು. ತೊಂದರೆ ಏನೆಂದು ಇನ್ನೂ ಗೊತ್ತಿಲ್ಲದಿದ್ದಾಗ ಹಿಡಿಯುವ ಹಂತದಲ್ಲಿ ಫಿಲ್ಟರ್ ಹಾಕಬೇಡಿ. ಸೋಸುವ ಕೆಲಸ ನೋಡುವಾಗ ಇಟ್ಟುಕೊಳ್ಳಿ.

ನಾಲ್ಕನೆಯ ಹೆಜ್ಜೆ: ತೊಂದರೆ ಬಂದಾಗ ತಾನಾಗಿ ನಿಲ್ಲಲಿ

ಸರ್ಕ್ಯುಲರ್ ಟ್ರೇಸ್‌ನ ಕಷ್ಟ ಒಂದೇ, ಸರಿಯಾದ ಹೊತ್ತಿಗೆ ಯಾರೋ ನಿಲ್ಲಿಸಬೇಕು. ಯಾರೂ ಮರೆಯದಂತೆ ಮಾಡಲು ನೋಟ್‌ಪ್ಯಾಡ್‌ನಲ್ಲಿ ಎಂಟು ಸಾಲು ಬರೆದು ಸಿ:\ನೆಟ್‌ಲಾಗ್\ಕಾವಲು.ಬ್ಯಾಟ್ ಎಂದು ಉಳಿಸಿ:

@ಎಕೋ ಆಫ್
:ಲೂಪ್
ಟೈಮ್‌ಔಟ್ /ಟಿ 10 /ನೋಬ್ರೇಕ್ >ನಲ್
ಪಿಂಗ್ -ಎನ್ 4 8.8.8.8 | ಫೈಂಡ್ "ಟಿಟಿಎಲ್=" >ನಲ್
ಇಫ್ ನಾಟ್ ಎರರ್‌ಲೆವೆಲ್ 1 ಗೋಟು ಲೂಪ್
ಎಕೋ %ಡೇಟ್% %ಟೈಮ್% >>ಸಿ:\ನೆಟ್‌ಲಾಗ್\ಹೋಯ್ತು.ಟಿಎಕ್ಸ್‌ಟಿ
ಟೈಮ್‌ಔಟ್ /ಟಿ 30 /ನೋಬ್ರೇಕ್ >ನಲ್
ನೆಟ್‌ಶ್ ಟ್ರೇಸ್ ಸ್ಟಾಪ್

ಹತ್ತು ಸೆಕೆಂಡಿಗೊಮ್ಮೆ ಹೊರಗಿನ ಒಂದು ಐಪಿಗೆ ನಾಲ್ಕು ಪಿಂಗ್ ಹೋಗುತ್ತದೆ. ಒಂದಕ್ಕಾದರೂ ಉತ್ತರ ಬಂದರೆ ಮತ್ತೆ ಮೊದಲಿಗೆ. ನಾಲ್ಕೂ ಹೋದರೆ ಸಮಯ ಬರೆದಿಟ್ಟು, ಇನ್ನೂ ಅರ್ಧ ನಿಮಿಷ ಹಿಡಿದು ಟ್ರೇಸ್ ನಿಲ್ಲಿಸುತ್ತದೆ. ಟಿಟಿಎಲ್ ದೊಡ್ಡಕ್ಷರದಲ್ಲೇ ಇರಬೇಕು. ಅದನ್ನು ಹುಡುಕುವುದು ಯಾಕೆಂದರೆ ಡೆಸ್ಟಿನೇಷನ್ ಹೋಸ್ಟ್ ಅನ್‌ರೀಚಬಲ್ ಎಂಬ ಉತ್ತರ ಬಂದಾಗಲೂ ವಿಂಡೋಸ್‌ನ ಪಿಂಗ್ ಕೆಲವೊಮ್ಮೆ ಗೆದ್ದೆ ಎಂದೇ ಹೇಳುತ್ತದೆ. ಸಮ ಚಿಹ್ನೆಯ ಸಮೇತ ಟಿಟಿಎಲ್ ಇರುವುದು ನಿಜವಾದ ಉತ್ತರದಲ್ಲಿ ಮಾತ್ರ.

8.8.8.8 ಗೂಗಲ್‌ನ ಡಿಎನ್‌ಎಸ್ ಸರ್ವರ್. ಗೇಟ್‌ವೇಗೇ ಪಿಂಗ್ ಮಾಡಿದರೆ ಆಗುವುದಿಲ್ಲವೇ ಎಂದು ನೀವು ಕೇಳಬಹುದು. ಆ ಆಫೀಸಿನಲ್ಲಿ ನೆಟ್ ಹೋದಾಗಲೂ ಗೇಟ್‌ವೇ ಉತ್ತರ ಕೊಡುತ್ತಿತ್ತು ಎಂದೆನಲ್ಲ, ಅದಕ್ಕೇ ಹೊರಗಿನ ಐಪಿ. ಈ ಬ್ಯಾಟ್ ಫೈಲನ್ನೂ ಅಡ್ಮಿನ್ ಕಿಟಕಿಯಿಂದಲೇ ಓಡಿಸಿ. ಕಂಪ್ಯೂಟರ್ ರಿಸ್ಟಾರ್ಟ್ ಆದರೆ ಟ್ರೇಸ್ ಮುಂದುವರಿಯುತ್ತದೆ, ಕಾವಲು ಮುಂದುವರಿಯುವುದಿಲ್ಲ. ಅದನ್ನು ಮತ್ತೆ ಶುರು ಮಾಡಬೇಕು.

ಐದನೆಯ ಹೆಜ್ಜೆ: ತೆರೆದು ನೋಡುವುದು

ಟ್ರೇಸ್ ಬರೆದ ಇಟಿಎಲ್ ಫೈಲನ್ನು ವೈರ್‌ಶಾರ್ಕ್ ನೇರವಾಗಿ ಓದಲಿ ಎಂದು ಕಾಯಬೇಡಿ. ಹಿಂದೆ ಇದಕ್ಕೆಂದೇ ಮೈಕ್ರೋಸಾಫ್ಟ್ ಮೆಸೇಜ್ ಅನಲೈಜರ್ ಇತ್ತು, 2019ರ ನವೆಂಬರ್‌ನಲ್ಲಿ ಅದನ್ನು ಹಿಂದಕ್ಕೆ ತೆಗೆದುಕೊಂಡರು. ಈಗಿನ ದಾರಿ, ಇಟಿಎಲ್ ಅನ್ನು ವೈರ್‌ಶಾರ್ಕ್ ಓದುವ ಪಿಕ್ಯಾಪ್‌ಎನ್‌ಜಿ ಫೈಲಾಗಿ ಬದಲಿಸುವ ಇಟಿಎಲ್2ಪಿಕ್ಯಾಪ್‌ಎನ್‌ಜಿ ಎಂಬ ಪುಟ್ಟ ಪ್ರೋಗ್ರಾಮ್. ಮೈಕ್ರೋಸಾಫ್ಟ್ ತಾನೇ ಗಿಟ್‌ಹಬ್‌ನಲ್ಲಿ ಇಟ್ಟಿದೆ, ಇನ್‌ಸ್ಟಾಲ್ ಮಾಡುವಂಥದ್ದಲ್ಲ. ನಿಮ್ಮ ಕಂಪ್ಯೂಟರಿನಲ್ಲಿ:

ಇಟಿಎಲ್2ಪಿಕ್ಯಾಪ್‌ಎನ್‌ಜಿ ಆಫೀಸ್.ಇಟಿಎಲ್ ಆಫೀಸ್.ಪಿಕ್ಯಾಪ್‌ಎನ್‌ಜಿ

ಇದು ಪ್ಯಾಕೆಟ್‌ಗಳನ್ನು ಮಾತ್ರ ತೆಗೆಯುತ್ತದೆ. ಸಿನಾರಿಯೊ ಬರೆಸಿದ ಘಟನೆಗಳು ಬೇಕಾದರೆ ಅವನ್ನು ಬೇರೆಯಾಗಿ ಟೆಕ್ಸ್ಟ್ ಮಾಡಿಕೊಳ್ಳಿ:

ನೆಟ್‌ಶ್ ಟ್ರೇಸ್ ಕನ್ವರ್ಟ್ ಇನ್‌ಪುಟ್=ಸಿ:\ನೆಟ್‌ಲಾಗ್\ಆಫೀಸ್.ಇಟಿಎಲ್ ಡಂಪ್=ಟಿಎಕ್ಸ್‌ಟಿ

ಪಿಕ್ಯಾಪ್‌ಎನ್‌ಜಿಯನ್ನು ವೈರ್‌ಶಾರ್ಕ್‌ನಲ್ಲಿ ತೆರೆದು, ಹೋಯ್ತು ಫೈಲಿನಲ್ಲಿ ಬರೆದ ಸಮಯಕ್ಕೆ ನೇರ ಹೋಗಿ. ಅಲ್ಲಿಂದ ಒಂದು ನಿಮಿಷ ಹಿಂದಕ್ಕೆ ಸರಿದು ಓದಲು ಶುರು ಮಾಡಿ. ಮೇಲಿನ ಫಿಲ್ಟರ್ ಪಟ್ಟಿಯಲ್ಲಿ ಬರೆಯುವುದೆಲ್ಲ ಚಿಕ್ಕಕ್ಷರದಲ್ಲಿರಬೇಕು. ನಾನು ಮೊದಲು ಎಆರ್‌ಪಿ ಎಂದು ಹಾಕುತ್ತೇನೆ, ಆಮೇಲೆ ಡಿಎನ್‌ಎಸ್, ಕೊನೆಗೆ ಟಿಸಿಪಿ.ಅನಾಲಿಸಿಸ್.ರೀಟ್ರಾನ್ಸ್‌ಮಿಷನ್ (ಮತ್ತೆ ಕಳಿಸಬೇಕಾಗಿ ಬಂದ ಪ್ಯಾಕೆಟ್‌ಗಳು). ಕೆಳಗಿನಿಂದ ಮೇಲಕ್ಕೆ ಹೋಗುವ ಕ್ರಮ ಇದು. ಪಕ್ಕದ ಮನೆಯೇ ಸಿಗದಿದ್ದರೆ ಊರಾಚೆಯ ವಿಳಾಸ ಹುಡುಕಿ ಏನು ಮಾಡುವುದು?

ಆ ಆಫೀಸಿನ ಎರಡನೆಯ ಫೈಲಿನಲ್ಲಿ, ಫಿಲ್ಟರ್ ಇಲ್ಲದೆ ಹಿಡಿದದ್ದರಲ್ಲಿ, ಎಆರ್‌ಪಿ ಎಂದು ಹಾಕಿದ ಕೂಡಲೇ ಕಂಡಿತು. 11 ಗಂಟೆ 31 ನಿಮಿಷಕ್ಕೆ ಯಾವುದೋ ಸಾಧನ "192.168.1.1 ನಾನೇ" ಎಂದು ಎಲ್ಲರಿಗೂ ಸಾರಿದೆ. ಅದಾದ ಮೇಲೆ ಮೇಡಂ ಕಂಪ್ಯೂಟರ್ "192.168.1.1 ಯಾರು?" ಎಂದು ಕೇಳಿದಾಗಲೆಲ್ಲ ಎರಡು ಉತ್ತರ ಬರುತ್ತಿದೆ, ಎರಡು ಬೇರೆ ಬೇರೆ ಮ್ಯಾಕ್ ಅಡ್ರೆಸ್‌ನಿಂದ (ಸಾಧನಕ್ಕೆ ಕಾರ್ಖಾನೆಯಲ್ಲೇ ಕೊಟ್ಟ ವಿಳಾಸ ಅದು). ಡೂಪ್ಲಿಕೇಟ್ ಯೂಸ್ ಎಂದು ವೈರ್‌ಶಾರ್ಕ್ ತಾನೇ ಎಚ್ಚರಿಸಿತ್ತು. ಮ್ಯಾಕ್ ಅಡ್ರೆಸ್‌ನ ಮೊದಲ ಮೂರು ಜೋಡಿ ಯಾವ ಕಂಪನಿ ಮಾಡಿದ್ದು ಎಂದು ಹೇಳುತ್ತದೆ. ಒಂದು ಆಫೀಸಿನ ರೂಟರ್. ಇನ್ನೊಂದು ಬೇರೆ ಕಂಪನಿಯದು.

ಆ ಇನ್ನೊಂದನ್ನು ಹುಡುಕಿಕೊಂಡು ಹೋದರೆ ಮೀಟಿಂಗ್ ರೂಮಿನ ಮೇಜಿನ ಕೆಳಗೆ ಒಂದು ಹಳೆಯ ರೂಟರ್ ಸಿಕ್ಕಿತು. ಅಲ್ಲಿ ವೈಫೈ ಸರಿಯಾಗಿ ಬರುತ್ತಿರಲಿಲ್ಲವಂತೆ. ಯಾರೋ ಮನೆಯಿಂದ ತಂದು ಗೋಡೆಯ ಲ್ಯಾನ್ ಪಾಯಿಂಟ್‌ಗೆ ಸಿಕ್ಕಿಸಿದ್ದರು. ಮೀಟಿಂಗ್ ಇದ್ದ ದಿನ ಆನ್, ಮುಗಿದ ಮೇಲೆ ಆಫ್. ಅದರ ಐಪಿಯೂ 192.168.1.1. ಅದು ಆನ್ ಆದಾಗ ಯಾರ ಕಂಪ್ಯೂಟರ್ ಅದರ ಉತ್ತರ ನಂಬಿತೋ ಅವರಿಗೆ ನೆಟ್ ಹೋಗುತ್ತಿತ್ತು. ಹಳೆಯ ರೂಟರ್ ಪಿಂಗ್‌ಗೆ ಉತ್ತರ ಕೊಡುತ್ತದೆ, ಆದರೆ ಅದರ ಹಿಂದೆ ಇಂಟರ್‌ನೆಟ್ ಇಲ್ಲ. ರಿಸ್ಟಾರ್ಟ್ ಮಾಡಿದಾಗ ಅದೃಷ್ಟವಿದ್ದರೆ ಸರಿಯಾದ ರೂಟರ್‌ನ ಉತ್ತರ ಸಿಗುತ್ತಿತ್ತು. ಹಳೆಯದರ ಐಪಿಯನ್ನು 192.168.1.2 ಮಾಡಿ, ಅದರ ಡಿಎಚ್‌ಸಿಪಿ ಆಫ್ ಮಾಡಿ ಅಲ್ಲೇ ಇಟ್ಟು ಬಂದೆ. ಈಗ ಮೀಟಿಂಗ್ ರೂಮಿನಲ್ಲೂ ವೈಫೈ ಇದೆ.

ಹೊಸ ವಿಂಡೋಸ್ ಆದರೆ ಪಿಕೆಟಿಮಾನ್

2018ರಲ್ಲಿ ಬಂದ ವಿಂಡೋಸ್ 10ರ 1809 ಆವೃತ್ತಿಯಿಂದ ಪಿಕೆಟಿಮಾನ್ ಎಂಬ ಇನ್ನೊಂದು ಕಮಾಂಡ್ ಜೊತೆಗಿದೆ. ನೆಟ್‌ಶ್‌ನಲ್ಲಿ ಇಲ್ಲದ ಪೋರ್ಟ್ ಫಿಲ್ಟರ್ ಇದರಲ್ಲಿದೆ. ತೊಂದರೆ ಡಿಎನ್‌ಎಸ್‌ದೇ ಎಂದು ಗೊತ್ತಾದ ಮೇಲೆ ಅದನ್ನಷ್ಟೇ ಹಿಡಿಯಲು:

ಪಿಕೆಟಿಮಾನ್ ಫಿಲ್ಟರ್ ಆ್ಯಡ್ -ಪಿ 53

ಪಿಕೆಟಿಮಾನ್ ಸ್ಟಾರ್ಟ್ --ಕ್ಯಾಪ್ಚರ್ --ಕಾಂಪ್ ನಿಕ್ಸ್ --ಪಿಕೆಟಿ-ಸೈಜ್ 0 --ಫೈಲ್-ನೇಮ್ ಸಿ:\ನೆಟ್‌ಲಾಗ್\ಡಿಎನ್‌ಎಸ್.ಇಟಿಎಲ್

ಪಿಕೆಟಿಮಾನ್ ಸ್ಟಾಪ್

ಪಿಕೆಟಿಮಾನ್ ಇಟಿಎಲ್2ಪಿಕ್ಯಾಪ್ ಸಿ:\ನೆಟ್‌ಲಾಗ್\ಡಿಎನ್‌ಎಸ್.ಇಟಿಎಲ್ --ಔಟ್ ಸಿ:\ನೆಟ್‌ಲಾಗ್\ಡಿಎನ್‌ಎಸ್.ಪಿಕ್ಯಾಪ್‌ಎನ್‌ಜಿ

ಎರಡು ವಿಷಯ ಮರೆಯಬೇಡಿ. ಪಿಕೆಟಿ-ಸೈಜ್ ಕೊಡದಿದ್ದರೆ ಪ್ರತಿ ಪ್ಯಾಕೆಟ್‌ನ ಮೊದಲ 128 ಬೈಟ್ ಮಾತ್ರ ಉಳಿಯುತ್ತದೆ. 0 ಎಂದರೆ ಪೂರ್ತಿ. ಕಾಂಪ್ ನಿಕ್ಸ್ ಕೊಡದಿದ್ದರೆ ವಿಂಡೋಸ್‌ನ ಒಳಗೆ ಪ್ಯಾಕೆಟ್ ದಾಟುವ ಪ್ರತಿ ಹಂತದಲ್ಲೂ ಒಂದೊಂದು ನಕಲು ಬರುತ್ತದೆ. ಒಂದೇ ಪ್ಯಾಕೆಟ್ ನಾಲ್ಕೈದು ಸಲ ಕಂಡು, ನೆಟ್‌ವರ್ಕ್‌ನಲ್ಲೇ ನಕಲಾಗುತ್ತಿದೆ ಎಂದು ಗಾಬರಿಯಾಗುವಿರಿ. ಮೇಲಿನ ಬರವಣಿಗೆ ವಿಂಡೋಸ್ 11ರದ್ದು. ವಿಂಡೋಸ್ 10ರಲ್ಲಿ ಆಯ್ಕೆಗಳ ಹೆಸರು ಬೇರೆ, ಪಿಕೆಟಿಮಾನ್ ಸ್ಟಾರ್ಟ್ ಹೆಲ್ಪ್ ಎಂದು ಹೊಡೆದರೆ ನಿಮ್ಮಲ್ಲಿರುವುದನ್ನು ತೋರಿಸುತ್ತದೆ.

ಕೆಲಸ ಮುಗಿದ ಮೇಲೆ

ಹೊರಡುವ ಮೊದಲು ಟ್ರೇಸ್ ನಿಂತಿದೆಯೇ ಎಂದು ಇನ್ನೊಮ್ಮೆ ನೆಟ್‌ಶ್ ಟ್ರೇಸ್ ಶೋ ಸ್ಟೇಟಸ್ ಹೊಡೆಯಿರಿ. ಪರ್ಸಿಸ್ಟೆಂಟ್ ಇಟ್ಟದ್ದನ್ನು ಮರೆತು ಬಂದರೆ ತಿಂಗಳುಗಟ್ಟಲೆ ಯಾರಿಗೂ ಗೊತ್ತಿಲ್ಲದೆ ಓಡುತ್ತಲೇ ಇರುತ್ತದೆ. ಪಿಕೆಟಿಮಾನ್ ಬಳಸಿದ್ದರೆ ಪಿಕೆಟಿಮಾನ್ ಫಿಲ್ಟರ್ ರಿಮೂವ್ ಕೊಡಿ. ಡಿಎನ್‌ಎಸ್ ಲಾಗ್ ಮುಚ್ಚುವ ಮೊದಲು ಒಂದು ಪ್ರತಿ ತೆಗೆದಿಟ್ಟುಕೊಳ್ಳಿ:

ವೆವ್ಟ್‌ಯುಟಿಲ್ ಇಪಿಎಲ್ ಮೈಕ್ರೋಸಾಫ್ಟ್-ವಿಂಡೋಸ್-ಡಿಎನ್‌ಎಸ್-ಕ್ಲೈಂಟ್/ಆಪರೇಷನಲ್ ಸಿ:\ನೆಟ್‌ಲಾಗ್\ಡಿಎನ್‌ಎಸ್.ಇವಿಟಿಎಕ್ಸ್

ಆಮೇಲೆ ಮೊದಲಿನ ಎಸ್‌ಎಲ್ ಕಮಾಂಡನ್ನೇ /ಇ:ಫಾಲ್ಸ್ ಹಾಕಿ ಹೊಡೆದರೆ ಲಾಗ್ ಆಫ್ ಆಗುತ್ತದೆ. ಫೈರ್‌ವಾಲ್ ಲಾಗ್ ಮಾತ್ರ ನಾನು ಆನ್ ಬಿಟ್ಟೇ ಬರುತ್ತೇನೆ. ಅದು ತಿನ್ನುವ ಜಾಗ ಹಳೆಯದು ಹೊಸದು ಸೇರಿ 64 ಎಂಬಿಯಷ್ಟೇ, ಮುಂದಿನ ದೂರು ಬಂದಾಗ ಕೈಗೆ ಸಿಗುತ್ತದೆ. ಇಟಿಎಲ್ ಮತ್ತು ಪಿಕ್ಯಾಪ್‌ಎನ್‌ಜಿ ಫೈಲ್‌ಗಳನ್ನು ಪಾಸ್‌ವರ್ಡ್ ಹಾಕಿದ ಜಿಪ್ ಮಾಡಿಯೇ ಸಾಗಿಸಿ, ವಾಟ್ಸ್‌ಆ್ಯಪ್ ಗುಂಪಿಗೆ ಹಾಕಬೇಡಿ. ಉತ್ತರ ಸಿಕ್ಕ ಮೇಲೆ ಆ ಕಂಪ್ಯೂಟರಿನ ಸಿ:\ನೆಟ್‌ಲಾಗ್ ಫೋಲ್ಡರ್ ಅಳಿಸಿ, ಅಳಿಸಿದ್ದೇನೆ ಎಂದು ಒಪ್ಪಿಗೆ ಕೊಟ್ಟವರಿಗೆ ಅದೇ ಇಮೇಲ್‌ಗೆ ಉತ್ತರವಾಗಿ ತಿಳಿಸಿ.